ಸಾರಣೆಯವನ ಮೂರು ಮಡಕೆಗಳು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಮಡಕೆಗಳು ಮೂರು ಎಂಬುದರಲ್ಲಿ ಮಾತ್ರ ನನಗೆ ಸಂಶಯವಿಲ್ಲ. ಮೂರರ ಹೊಟ್ಟೆಯ ಮೇಲೂ ನಾನೇ ಸೀಮೆಸುಣ್ಣದಲ್ಲಿ ಅಂಕಿ ಬರೆದಿದ್ದೆ. ಆದರೆ ಅವನ್ನು ಅಲ್ಲಿ ಇಟ್ಟದ್ದು ಯಾವ ವಾರ, ಅವುಗಳ ವಿಷಯ ಯಾರಿಗೆಲ್ಲ ಹೇಳಿದ್ದೆ, ಯಾವ ಮಾತು ನಾನು ನಿಜವಾಗಿ ಆಡಿದ್ದು, ಯಾವುದು ಆಮೇಲೆ ಆಡಬೇಕಿತ್ತು ಎಂದುಕೊಂಡದ್ದು, ಇವನ್ನೆಲ್ಲ ದಿನಚರಿ ತೆರೆದಿಟ್ಟುಕೊಂಡೇ ಬರೆಯುತ್ತಿದ್ದೇನೆ. ದಿನಚರಿಯನ್ನೂ ಪೂರ್ತಿ ನಂಬುವುದಿಲ್ಲ. ಅದನ್ನು ಬರೆದವಳೂ ನಾನೇ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಪುತ್ತೂರಿನಲ್ಲಿ ಹೈಸ್ಕೂಲು ಅಧ್ಯಾಪಕಿ. ಜೊತೆಗೆ ಹೆಣ್ಣುಮಕ್ಕಳ ಒಂದು ಸಣ್ಣ ಹಾಸ್ಟೆಲಿನ ವಾರ್ಡನ್. ಸುಳ್ಯ, ಕಡಬ ಕಡೆಯ ಹಳ್ಳಿಗಳಿಂದ ಬಂದ ಹನ್ನೊಂದು ಹುಡುಗಿಯರು ಒಂದೇ ಉದ್ದ ಕೋಣೆಯಲ್ಲಿ ಚಾಪೆ ಹಾಸಿ ಮಲಗುತ್ತಿದ್ದರು. ಕೆಂಪುಕಲ್ಲಿನ ಹಳೆಯ ಕಟ್ಟಡ. ವಾರ್ಷಿಕ ಪರೀಕ್ಷೆಯ ಕೊನೆಯ ದಿನ ಮಕ್ಕಳು ಊಟಕ್ಕೆ ಕುಳಿತಿದ್ದಾಗ ಆ ಕೋಣೆಯ ಪಡುವಣ ಗೋಡೆಯಿಂದ ಅಡಿಕೆ ಹಾಳೆಯಷ್ಟು ಅಗಲದ ಸಾರಣೆ ಕಳಚಿ ಬಿತ್ತು. ಬಿದ್ದದ್ದು ಮರ್ಕಂಜದ ಹುಡುಗಿಯ ದಿಂಬಿನ ಮೇಲೆ. ದಿಂಬು ಒಡೆದು ಹತ್ತಿ ಹೊರಗೆ ಬಂದಿತ್ತು.

ಕಮಿಟಿ ಸೇರಿತು. ಶಾಲೆ ತೆರೆಯುವುದರೊಳಗೆ ಕೋಣೆ ಸರಿಯಾಗದಿದ್ದರೆ ಆ ವರ್ಷ ಹಾಸ್ಟೆಲು ಮುಚ್ಚುವುದು ಎಂದು ತೀರ್ಮಾನವಾಯಿತು. ಮುಚ್ಚಿದರೆ ಹನ್ನೊಂದು ಮಂದಿಯಲ್ಲಿ ಎಷ್ಟು ಮಂದಿ ಮರುವರ್ಷ ತಿರುಗಿ ಬರುತ್ತಾರೆ ಎಂಬುದು ನನಗೆ ಗೊತ್ತಿತ್ತು. ಮರ್ಕಂಜದ ಹುಡುಗಿಗೆ ಎಸ್ಸೆಸ್ಸೆಲ್ಸಿಗೆ ಇನ್ನೊಂದೇ ವರ್ಷ ಬಾಕಿ. ಅವಳ ಅಜ್ಜ ಕಾಗದ ಬರೆದಿದ್ದರು: ಗೋಡೆಯನ್ನು ನಾವೇ ಬಂದು ನೋಡುತ್ತೇವೆ, ಸರಿಯಿದ್ದರೆ ಬಿಟ್ಟು ಹೋಗುತ್ತೇವೆ, ಇಲ್ಲದಿದ್ದರೆ ಅವಳನ್ನು ಒಂದು ಕಡೆಯಿಂದ ಮದುವೆಗೆ ಕೇಳುತ್ತಿದ್ದಾರೆ.

ಕಮಿಟಿಯ ಕಾರ್ಯದರ್ಶಿ ನನ್ನ ಸೋದರಮಾವ. ಆ ಸಂಜೆಯೇ ಹಾಸ್ಟೆಲಿನ ಜಗಲಿಗೆ ಬಂದು ಎಲೆಯಡಿಕೆಯ ಪೆಟ್ಟಿಗೆ ಬಿಚ್ಚಿದರು.

"ನಮ್ಮ ಜನ ಒಬ್ಬ ಉಂಟು. ಸಿಮೆಂಟಿನಲ್ಲಿ ನಾಲ್ಕು ದಿವಸಕ್ಕೆ ಮುಗಿಸಿ ಕೊಡ್ತಾನೆ."

"ಬಿದ್ದದ್ದು ಸಿಮೆಂಟೇ ಅಲ್ವಾ ಮಾವ?"

"ಅದು ಹಾಕಿದವ ಸರಿ ಇರ್ಲಿಲ್ಲ ಮಾರಾಯ್ತಿ."

"ಹಾಕಿದವ ಯಾರು?"

ಮಾವ ಎಲೆಯ ತೊಟ್ಟು ಮುರಿದರು.

ಬಿದ್ದ ತುಂಡನ್ನು ನಾನು ಎತ್ತಿಟ್ಟಿದ್ದೆ. ಮುಂಬದಿಯಲ್ಲಿ ಬೆರಳ ದಪ್ಪದ ಸಿಮೆಂಟು, ಹಿಂಬದಿಯಲ್ಲಿ ಹಳೆಯ ಸುಣ್ಣದ ಪುಡಿ ತೆಳ್ಳಗೆ ಅಂಟಿಕೊಂಡಿತ್ತು. ಒಂದಕ್ಕೊಂದು ಹಿಡಿದೇ ಇರಲಿಲ್ಲ. ಪೇಟೆಯಲ್ಲಿ ಬೇರೆ ಹಳೆಯ ಗೋಡೆಗಳು ಹೇಗೆ ನಿಂತಿವೆ ಎಂದು ಎರಡು ದಿನ ನೋಡುತ್ತ ತಿರುಗಿದೆ. ಒಂದು ಔಷಧದಂಗಡಿಯ ಒಳಗೋಡೆ ಸ್ಲೇಟಿನಷ್ಟು ನುಣುಪಾಗಿತ್ತು, ಎಲ್ಲೂ ಒಂದು ಬಿರುಕಿಲ್ಲ. ಯಾರ ಕೈಕೆಲಸ ಎಂದು ಕೇಳಿದೆ. ಮಾಡಿದವನು ಸತ್ತು ಎಷ್ಟೋ ವರ್ಷವಾಯಿತು, ಮಗನೊಬ್ಬ ಇಚಿಲಂಪಾಡಿಯಲ್ಲಿದ್ದಾನೆ, ಅವನೂ ಸಾರಣೆಯವನೇ ಎಂದರು ಅಂಗಡಿಯ ಯಜಮಾನರು.

ಬಸ್ಸಿಳಿದು, ಹೊಳೆಯನ್ನು ದೋಣಿಯಲ್ಲಿ ದಾಟಿ, ಆಮೇಲೆ ನಡೆದು ಹೋದೆ. ಸಾರಣೆಯವ ಅಂಗಳದಲ್ಲಿ ಕುಳಿತು ಬುಟ್ಟಿಗೆ ಬಳ್ಳಿ ಸುತ್ತುತ್ತಿದ್ದ. ಐವತ್ತೋ ಅರವತ್ತೋ ಎಂದು ಹೇಳಲಾಗದ ಒಣಕಲು ಆಳು. ಸುಣ್ಣಕ್ಕೆ ಉಗುರುಗಳೆಲ್ಲ ಸವೆದಿದ್ದವು. ಸಿಮೆಂಟು ಬಂದ ಮೇಲೆ ತನ್ನನ್ನು ಕೇಳುವವರಿಲ್ಲ ಎಂದ. ಹಾಸ್ಟೆಲಿನ ಗೋಡೆಯ ಕೆಲಸಕ್ಕೆ ಅಷ್ಟು ಬೇಗ ಒಪ್ಪಿಕೊಂಡದ್ದೇ ನನಗೆ ಸರಿಕಾಣಲಿಲ್ಲ. ಮರುದಿನ ಪುತ್ತೂರಿಗೆ ಬಂದವನನ್ನು ಮೊದಲು ಔಷಧದಂಗಡಿಗೇ ಕರೆದುಕೊಂಡು ಹೋದೆ. ಅವನು ಗೋಡೆಗೆ ಅಂಗೈ ಇಟ್ಟು ಮೆಲ್ಲಗೆ ಜಾರಿಸಿದ.

"ಇದು ಅಪ್ಪನದ್ದು. ಆ ಮೂಲೆ ಮಾತ್ರ ನಂದು, ನೋಡಿ, ಅಲ್ಲಿ ಅಲೆ ಬಂದಿದೆ. ಆಗ ಕೈ ಕುದುರಿರ್ಲಿಲ್ಲ."

ಮೂಲೆಯಲ್ಲಿ ನಿಜವಾಗಿಯೂ ಏರುತಗ್ಗಿತ್ತು. ಅಂದಿನ ದಿನಚರಿಯಲ್ಲಿ ಬರೆದಿದ್ದೇನೆ: "ಜಾಣ. ಕೆಟ್ಟ ಭಾಗವನ್ನು ತನ್ನದೆಂದು ಹೇಳಿದರೆ ನಂಬುತ್ತಾರೆ ಎಂದು ಗೊತ್ತು."

ಹಾಸ್ಟೆಲಿನ ಗೋಡೆಯನ್ನು ಅವನು ಬೆರಳ ಗೆಣ್ಣಿನಿಂದ ಬಡಿಯುತ್ತ, ಕಿವಿಗೊಟ್ಟು ಕೇಳುತ್ತ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೋದ. ಟೊಳ್ಳು ಶಬ್ದ ಬಂದಲ್ಲೆಲ್ಲ ಇದ್ದಿಲಿನಿಂದ ಗುರುತು ಹಾಕಿದ. ಕಡೆಗೆ ಗುರುತಿಲ್ಲದ ಜಾಗವೇ ಉಳಿಯಲಿಲ್ಲ.

"ಎಲ್ಲ ತೆಗೀಬೇಕು ಟೀಚರಮ್ಮ. ಕಲ್ಲು ಕಾಣುವವರೆಗೆ."

"ಎಷ್ಟು ದಿನ ಬೇಕು?"

"ಅದು ಗೋಡೆಯಲ್ಲಿ ಕೇಳ್ಬೇಕು."

"ಗೋಡೆ ಹೇಳುತ್ತದಾ?"

"ನಿಮಗೆ ಹೇಳ್ಲಿಕ್ಕಿಲ್ಲ."

ಬೇಕಾದ ಸಾಮಾನುಗಳನ್ನು ಒಂದೊಂದಾಗಿ ಹೇಳಿದ, ನಾನು ಬರೆದುಕೊಂಡೆ. ಕಡಲ ಬದಿಯ ಗೂಡಿನಲ್ಲಿ ಸುಟ್ಟ ಚಿಪ್ಪಿನ ಸುಣ್ಣ. ಉಪ್ಪಿನಂಗಡಿಯ ಹೊಳೆಯ ಹೊಯಿಗೆ, ಅದೂ ನೀರು ತಿರುಗುವಲ್ಲಿ ನಿಲ್ಲುವ ಸಣ್ಣ ಮರಳು. ಕಪ್ಪು ಬೆಲ್ಲ. ಅಳಲೆಕಾಯಿ. ಮೂರು ದೊಡ್ಡ ಹೊಸ ಮಡಕೆ. ಬಿಸಿಲು ಬೀಳದ, ಜನ ಓಡಾಡದ ಒಂದು ಜಾಗ. ಆ ಕೊನೆಯದನ್ನು ಬರೆಯುವಾಗ ಪೆನ್ನು ಸ್ವಲ್ಪ ನಿಂತದ್ದು ನೆನಪಿದೆ, ಅಥವಾ ನಿಂತಿರಬೇಕು ಎಂದು ಈಗ ಅನಿಸುತ್ತಿದೆ.

ಮೊದಲ ವಾರವಿಡೀ ಹಳೆಯ ಸಾರಣೆ ಕೆಡಹುವ ಕೆಲಸ. ಕಲ್ಲಿನ ಸಂದುಗಳನ್ನು ಒಂದು ಬೆರಳಿನ ಆಳಕ್ಕೆ ಕೆರೆದು, ತೆಂಗಿನ ಗರಿಯ ಪೊರಕೆಯಿಂದ ಗುಡಿಸಿ, ಬೆಳಗ್ಗೆ ಸಂಜೆ ನೀರು ಹೊಡೆಯುವುದು. ಹಿತ್ತಿಲಲ್ಲಿ ಗುಂಡಿ ತೋಡಿ ಸುಣ್ಣವನ್ನು ನೀರಿನಲ್ಲಿ ಮುಳುಗಿಸಿದ. ಅದು ಕುದಿದು ತಣಿಯಿತು. ದಿನಕ್ಕೆರಡು ಸಲ ಉದ್ದ ಕೋಲಿನಿಂದ ಕಲಕುತ್ತಿದ್ದ. ಕಟ್ಟಿಗೆ ಕೊಟ್ಟಿಗೆಯ ಹಿಂದೆ ಮೂರು ಮಡಕೆಗಳಲ್ಲಿ ಬೆಲ್ಲದ ನೀರು ತುಂಬಿ, ಜಜ್ಜಿದ ಅಳಲೆಕಾಯಿ ಹಾಕಿ, ಬಾಯಿಗೆ ಬಟ್ಟೆ ಕಟ್ಟಿದ. ಹುಡುಗಿಯರು ರಜೆಯಲ್ಲಿ ಊರಿಗೆ ಹೋಗಿದ್ದರು. ಹಾಸ್ಟೆಲಿನಲ್ಲಿ ಉಳಿದದ್ದು ನಾನು, ಅಡುಗೆಯ ಅಕ್ಕ.

ಅಕ್ಕನಿಗೂ ಅವನಿಗೂ ಮೊದಲ ಜಗಳ ಕಡೆಯುವ ಕಲ್ಲಿನದು.

"ನನ್ನ ಕಲ್ಲಿನಲ್ಲಿ ಸುಣ್ಣ ಕಡೆಯುದಾ? ನಾಳೆ ಮಕ್ಕಳಿಗೆ ಚಟ್ನಿ ಬದಲು ಗೋಡೆ ಬಡಿಸುದಾ?"

"ನಿಮ್ಮ ಚಟ್ನಿಗಿಂತ ನುಣ್ಣಗೆ ಬರ್ತದೆ ಅಕ್ಕ."

ನೆರೆಮನೆಯವರು ಬಿಸಾಡಿದ್ದ ಅಂಚೊಡೆದ ಕಲ್ಲೊಂದನ್ನು ಕೊನೆಗೆ ತರಿಸಿದೆ. ಆದರೆ ಅಕ್ಕನ ಸಿಟ್ಟು ಇಳಿಯಲಿಲ್ಲ. ಎಂಟನೆಯ ದಿನವಿರಬೇಕು, ಕಟ್ಟಿಗೆ ತರಲು ಹೋದವಳು ಬರಿಗೈಯಲ್ಲಿ ಬಂದಳು.

"ನಿಮಗೆ ಮೂಗು ಉಂಟಲ್ಲ ಟೀಚರ್? ಹಿಂದೆ ಹೋಗಿ ಒಮ್ಮೆ ಉಸಿರು ಎಳೀರಿ."

ಹೋದೆ. ಹುಳಿ, ಸಿಹಿ, ಕೊಳೆತ ಹಣ್ಣಿನ ವಾಸನೆ. ಬಟ್ಟೆ ಬಿಚ್ಚಿದರೆ ನೊರೆ.

ಆಗ ನಮ್ಮ ಜಿಲ್ಲೆಯಲ್ಲಿ ಪಾನನಿರೋಧವಿತ್ತು. ಬೆಲ್ಲ ಕೊಳೆಯುವ ವಾಸನೆ ಎಂದರೆ ಕಳ್ಳಭಟ್ಟಿ ಎಂದು ಸಣ್ಣ ಮಕ್ಕಳಿಗೂ ಗೊತ್ತು. ಕಾಡಿನಂಚಿನಲ್ಲಿ ಮಡಕೆ ಹೂತಿಟ್ಟವರನ್ನು ಪೊಲೀಸರು ವಾಸನೆ ಹಿಡಿದೇ ಪತ್ತೆ ಮಾಡುತ್ತಿದ್ದರು. ಅಂಥ ಮಡಕೆಗಳು ಹೆಣ್ಣುಮಕ್ಕಳ ಹಾಸ್ಟೆಲಿನ ಹಿಂದೆ!

ಅವನನ್ನು ಕೇಳಬಹುದಿತ್ತು. ನಾನು ಕೇಳಲಿಲ್ಲ, ಕಾವಲು ಕುಳಿತೆ. ಶಾಲೆಯ ಅಡಿಕೋಲನ್ನು ಒಂದೊಂದೇ ಮಡಕೆಯಲ್ಲಿ ಇಳಿಸಿ ನೀರು ಎಷ್ಟಿದೆ ಎಂದು ಅಳೆದು, ಹೊರಗೆ ಹೊಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಅಂಕಿ ಬರೆದೆ. ನಾಲ್ಕು ದಿನದಲ್ಲಿ ಮೂರರಲ್ಲೂ ಒಂದೂವರೆ ಇಂಚು ಇಳಿದಿತ್ತು. ಅವನು ಸಂಜೆ ಪೇಟೆಯ ಕಡೆ ಹೋಗಿ ಎಲ್ಲೋ ಮಲಗಿ ಬೆಳಗ್ಗೆ ಬರುತ್ತಿದ್ದ. ಕಣ್ಣು ಕೆಂಪಾಗಿರುತ್ತಿತ್ತು. ಅದನ್ನೂ ಬರೆದಿಟ್ಟೆ: "ಕಣ್ಣು ಕೆಂಪು. ಇವತ್ತೂ." ಅಂಕಿಗಳನ್ನು ಅವನು ನೋಡಿರಲೇಬೇಕು. ಏನೂ ಹೇಳಲಿಲ್ಲ. ಅದೂ ಅವನ ವಿರುದ್ಧದ ಸಾಕ್ಷಿಯಾಯಿತು.

ಶನಿವಾರ ಬೆಳಗ್ಗೆ ಮಾವ ಬಂದರು. ಜಗಲಿಯಿಂದ ಆಚೆ ಹೋಗಲಿಲ್ಲ, ಕೊಡೆಯನ್ನೂ ಕೈಯಿಂದ ಇಳಿಸಲಿಲ್ಲ.

"ಕಟ್ಟಿಗೆ ಕೊಟ್ಟಿಗೆಯ ಹಿಂದೆ ಮೂರು ಮಡಕೆ ಉಂಟಂತೆ. ಹೌದಾ?"

"ಹೌದು."

"ಪೊಲೀಸರು ಬಂದ್ರೆ ಅವನನ್ನು ಹಿಡೀತಾರೆ, ಅದು ಬಿಡು. ಮಾರನೇ ದಿವಸ ಇಡೀ ಊರಿಗೆ ಗೊತ್ತಾಗ್ತದೆ. ಆಮೇಲೆ ಯಾವ ಅಪ್ಪ ಮಗಳನ್ನು ಇಲ್ಲಿ ಬಿಡ್ತಾನೆ? ಗೋಡೆ ಆದರೆಷ್ಟು, ಬಿಟ್ಟರೆಷ್ಟು? ನಿನ್ನ ಒಳ್ಳೇದಕ್ಕೇ ಹೇಳುದು. ಚೆಲ್ಲಿಬಿಡು. ಸಿಮೆಂಟಿನವನಿಗೆ ನಾನು ಹೇಳಿ ಇಟ್ಟಿದ್ದೇನೆ."

ಮರುದಿನ ಭಾನುವಾರ, ಸಾರಣೆಯವ ಊರಿಗೆ ಹೋಗಿದ್ದ. ನಾನೂ ಅಕ್ಕನೂ ಎರಡು ಮಡಕೆಗಳನ್ನು ಒಂದೊಂದಾಗಿ ಎತ್ತಿಕೊಂಡು ಹೋಗಿ ಹಿತ್ತಿಲಿನ ತೆಂಗಿನ ಬುಡಕ್ಕೆ ಚೆಲ್ಲಿದೆವು. ಮೂರನೆಯದನ್ನು ಉಳಿಸಿದೆ. ದಯೆಯಿಂದಲ್ಲ. ಅವನು ಬಂದು ಇಲ್ಲವೆಂದರೆ ಮುಖಕ್ಕೆ ಹಿಡಿಯಲು ಒಂದು ಸಾಕ್ಷಿ ಬೇಕಿತ್ತು.

ಮಡಕೆಗಳನ್ನು ಎತ್ತುವಾಗ ಅವುಗಳ ತಳ ಒದ್ದೆಯಾಗಿತ್ತು. ಕೆಳಗಿನ ಮಣ್ಣೂ ಅಂಗೈಯಗಲಕ್ಕೆ ನೆನೆದಿತ್ತು. ನೋಡಿದೆ, ಏನೂ ಹೊಳೆಯಲಿಲ್ಲ.

ಅಂದು ಮಧ್ಯಾಹ್ನ ಅವನ ಮೇಲಿನ ಆರೋಪಗಳನ್ನು ದಿನ ಹಾಕಿ ಪಟ್ಟಿ ಮಾಡೋಣವೆಂದು ದಿನಚರಿ ಹಿಂದಕ್ಕೆ ತಿರುಗಿಸಿದೆ. ಅವನು ಗೋಡೆ ಬಡಿದು ನೋಡಿದ ದಿನದ ಪುಟದಲ್ಲಿ ಸಾಮಾನಿನ ಪಟ್ಟಿಯ ಕೆಳಗೆ ನನ್ನದೇ ಅಕ್ಷರ: "ಬೆಲ್ಲ, ಅಳಲೆಕಾಯಿ ನೀರಿನಲ್ಲಿ ಹದಿನೈದು ದಿನ ಹುಳಿ ಬರಬೇಕಂತೆ. ಆ ನೀರಿನಲ್ಲೇ ಸುಣ್ಣ ಕಲಸುವುದಂತೆ. ಇಲ್ಲದಿದ್ದರೆ ಹಿಡಿತ ಬರುವುದಿಲ್ಲವಂತೆ. ಕೇಳಿದರೆ ಅಪ್ಪ ಹೇಳಿಕೊಟ್ಟದ್ದು ಎನ್ನುತ್ತಾನೆ."

ಅವನು ಮೊದಲ ದಿನವೇ ಎಲ್ಲ ಹೇಳಿದ್ದ. ನಾನು ಬರೆದುಕೊಂಡಿದ್ದೆ. ಬರೆದು ಮುಗಿಸಿದ ಮೇಲೆ ಮರೆತೆನೋ, ಬರೆಯುವಾಗಲೇ ನಂಬಿರಲಿಲ್ಲವೋ, ಇವತ್ತಿಗೂ ಹೇಳಲಾರೆ. ಕೊಡೆ ಹಿಡಿದು ಔಷಧದಂಗಡಿಗೆ ಓಡಿದೆ. ಭಾನುವಾರವಾದ್ದರಿಂದ ಅರ್ಧ ಬಾಗಿಲು ಹಾಕಿತ್ತು. ಯಜಮಾನರು ನನ್ನ ಪ್ರಶ್ನೆ ಕೇಳಿ ನಕ್ಕರು.

"ಈ ಗೋಡೆ ಮಾಡುವಾಗ ಹದಿನೈದು ದಿವಸ ಇಡೀ ಬೀದಿ ನಾರ್ತಿತ್ತು. ಗಿರಾಕಿಗಳು ಮೂಗು ಮುಚ್ಚಿಕೊಂಡು ಮದ್ದು ತೆಕ್ಕೊಂಡು ಹೋಗ್ತಿದ್ರು. ಎಂತಕ್ಕೆ ಕೇಳಿದ್ದು?"

ಎಂತಕ್ಕೂ ಇಲ್ಲ ಎಂದೆ.

ಸೋಮವಾರ ಸಾರಣೆಯವ ಬಂದವನೇ ಕೊಟ್ಟಿಗೆಯ ಹಿಂದೆ ಹೋದ. ನಾನು ಹಿಂಬಾಲಿಸಿದೆ.

"ಒಡೆದದ್ದಾ?"

"ಇಲ್ಲ. ನಾನೇ ಚೆಲ್ಲಿದ್ದು."

"ಎಲ್ಲಿಗೆ?"

"ಆ ತೆಂಗಿನ ಬುಡಕ್ಕೆ."

ಅವನು ತೆಂಗಿನ ಮರವನ್ನು ಬುಡದಿಂದ ತುದಿಯವರೆಗೆ ನೋಡಿದ. "ಹಾಗಾದ್ರೆ ಆ ಮರಕ್ಕೆ ಇನ್ನು ಐವತ್ತು ವರ್ಷ ಸಾರಣೆ ಬೇಡ."

ನಾನು ಅಳತೆಯ ವಿಷಯ ಹೇಳಿದೆ. ಹೇಳಬೇಕೆಂದು ಹೇಳಿದ್ದಲ್ಲ, ಬಾಯಿಗೆ ಬಂತು. "ನೀರು ಇಳಿಯುತ್ತಿತ್ತು. ಅದಕ್ಕೆ..."

"ಹೊಸ ಮಡಕೆ ಅಲ್ವಾ ಟೀಚರಮ್ಮ, ಹತ್ತು ದಿವಸ ಬೆವರ್ತದೆ. ನೀವು ಅಂಕಿ ಬರೆದದ್ದು ನೋಡಿದೆ. ಕಲಿತವರು, ಲೆಕ್ಕ ಗೊತ್ತಾಗ್ತದೆ ಅಂತ ಸುಮ್ಮನಿದ್ದೆ." ಉಳಿದ ಮಡಕೆಯ ಬಟ್ಟೆ ಬಿಚ್ಚಿ, ಬೆರಳು ಅದ್ದಿ ನಾಲಿಗೆಗೆ ಹಚ್ಚಿ ಉಗುಳಿದ. "ನಿಮಗೆ ಕುಡೀಲಿಕ್ಕೆ ಆಗ್ತದಾ ನೋಡಿ."

ಅವನು ಮುಂದೆ ಚಾಚಿದ ತೆಂಗಿನ ಚಿಪ್ಪಿನಿಂದ ಒಂದು ಹನಿ ನಾಲಿಗೆಗಿಟ್ಟೆ. ಅಳಲೆಕಾಯಿಯ ಒಗರು ಬಾಯಿಯನ್ನೇ ಹೊಲಿದಂತೆ ಮಾಡಿತು. ಯಾವ ಕುಡುಕನೂ ಅದನ್ನು ಎರಡನೆಯ ಸಲ ಮುಟ್ಟಲಾರ. ಎರಡು ವಾರ ನನ್ನ ಕೈಗೆಟಕುವಲ್ಲೇ ಇದ್ದ ಪರೀಕ್ಷೆ ಅದು. ಅಡಿಕೋಲು ಇಳಿಸಿದವಳಿಗೆ ನಾಲಿಗೆ ಇಳಿಸಲು ತೋಚಿರಲಿಲ್ಲ.

ಹೊಸದಾಗಿ ಹುಳಿ ಬರಿಸಲು ಹದಿನೈದು ದಿನ ಬೇಕು. ಶಾಲೆ ತೆರೆಯಲು ಉಳಿದದ್ದು ಮೂರು ವಾರ. ಹಚ್ಚಲು, ಒಣಗಲು, ಉಜ್ಜಲು ಎರಡು ವಾರಕ್ಕಿಂತ ಕಡಿಮೆ ಸಾಲದು. ಮಳೆ ಹಿಡಿದರೆ ಅದೂ ಸಾಲದು. ಅವನು ಬೆರಳು ಮಡಿಸಿ ಲೆಕ್ಕ ಹಾಕಿ ಗೋಡೆಯ ಮುಂದೆ ಹೋಗಿ ನಿಂತ.

"ಹಿಡಿದು ಬಳಸಿದ್ರೆ ಒಂದು ಮಡಕೆ ಅರ್ಧ ಗೋಡೆಗೆ ಬರ್ತದೆ. ಉಳಿದ ಅರ್ಧ ಬರೀ ಬೆಲ್ಲದ ನೀರಲ್ಲಿ ಮಾಡಿ ಕೊಡ್ತೇನೆ. ಅದು ಎರಡು ಮಳೆಗಾಲ ನಿಲ್ತದೆ, ಮೂರಕ್ಕೆ ನಾನು ಹೇಳುದಿಲ್ಲ. ಮಕ್ಕಳ ತಲೆ ಯಾವ ಅರ್ಧಕ್ಕೆ ಬರ್ತದೆ? ನೀವು ಹೇಳಿ."

ಮಾವನಿಗೆ ಹೇಳಿಕಳುಹಿಸಿ ನಾಲ್ಕು ದಿನದ ಸಿಮೆಂಟು ಹಾಕಿಸಬಹುದಿತ್ತು. ಮೂರು ವಾರಗಳಲ್ಲಿ ಯಾರೂ ಅದರಲ್ಲಿ ತಪ್ಪು ಕಂಡುಹಿಡಿಯುತ್ತಿರಲಿಲ್ಲ, ಮರ್ಕಂಜದ ಅಜ್ಜನೂ. ಬಿದ್ದ ತುಂಡು ಇನ್ನೂ ನನ್ನ ಮೇಜಿನ ಮೇಲಿತ್ತು. ನಾನು ಸೀಮೆಸುಣ್ಣ ತೆಗೆದುಕೊಂಡು ಗೋಡೆಯ ನಡುವೆ ಮೇಲಿನಿಂದ ಕೆಳಗೆ ಗೆರೆ ಎಳೆದೆ. ಬಾಗಿಲಿನ ಕಡೆಯ ಅರ್ಧ ಗಟ್ಟಿ. ಕಿಟಕಿಯ ಕಡೆಯದು ಹೇಗಾಗುತ್ತದೋ ಹಾಗೆ. ಮಾವನಿಗೆ ಕಾಗದ ಬರೆದೆ: ಮಡಕೆ ಚೆಲ್ಲಿದ್ದೇನೆ, ಸಿಮೆಂಟಿನವರು ಬರುವುದು ಬೇಡ.

ಆ ಮೇಲಿನ ಎರಡು ವಾರ ನಾನು ಅವನ ಕೈಯಾಳಾದೆ. ಬಾವಿಯ ನೀರು ತಳ ಹಿಡಿದಿತ್ತು. ಗೋಡೆ ನೆನೆಸಲು ಅಕ್ಕನೂ ನಾನೂ ಕೆರೆಯಿಂದ ಕೊಡ ಹೊತ್ತು ತಂದೆವು. ಮೊದಲು ಒರಟು ಸಾರಣೆ. ಒಂದು ಪಾಲು ಸುಣ್ಣಕ್ಕೆ ಎರಡು ಪಾಲು ಹೊಯಿಗೆ. ಕರಣೆಯಿಂದ ಬೀಸಿ ಹೊಡೆದು, ಮಟ್ಟಗೋಲು ಎಳೆದು, ಹಲಗೆಯಿಂದ ಬಡಿಯುತ್ತಿದ್ದ. ದಿನಕ್ಕೆ ಮೂರು ಸಲ ಬಡಿದರೂ ಕೂದಲೆಳೆಯಂಥ ಬಿರುಕುಗಳು ಏಳುತ್ತಿದ್ದವು. ಮತ್ತೆ ಬಡಿಯುತ್ತಿದ್ದ. ಒದ್ದೆ ಗೋಣಿ ತೂಗುಹಾಕಿ ಬಿಸಿಗಾಳಿಯನ್ನು ತಡೆದೆವು. ಆಮೇಲೆ ಅಂಚೊಡೆದ ಕಲ್ಲಿನಲ್ಲಿ ಕಡೆದ ಸುಣ್ಣದ ತೆಳು ಪದರ, ಅದು ಇನ್ನೂ ಹಸಿಯಿರುವಾಗಲೇ ಹೊಳೆಯ ನುಣುಪುಗಲ್ಲಿನಿಂದ ಉಜ್ಜುವುದು. ಬಾಗಿಲಿನ ಕಡೆಯ ಅರ್ಧ ಉಜ್ಜಿದಂತೆಲ್ಲ ಮಿನುಗತೊಡಗಿತು, ಬಣ್ಣ ತುಸು ಕಂದು. ಕಿಟಕಿಯ ಕಡೆಯದು ಬೆಳ್ಳಗೆ, ಮಂಕಾಗಿ ನಿಂತಿತು. ಸುಣ್ಣ ಕಡೆದ ಎರಡನೆಯ ದಿನ ನನ್ನ ಕಣ್ಣೂ ಕೆಂಪಾಗಿತ್ತು.

ಶಾಲೆ ತೆರೆಯುವ ಹಿಂದಿನ ದಿನ ಮರ್ಕಂಜದ ಅಜ್ಜ ಮೊಮ್ಮಗಳನ್ನು ಕರೆದುಕೊಂಡು, ಅವಳ ತಗಡಿನ ಪೆಟ್ಟಿಗೆ ಹೊತ್ತುಕೊಂಡು ಬಂದರು. ಮಳೆ ಶುರುವಾಗಿತ್ತು. ಅಜ್ಜ ನೇರ ಗೋಡೆಯ ಹತ್ತಿರ ಹೋಗಿ ಕೊಡೆಯ ಹಿಡಿಯಿಂದ ಬಡಿದರು. ಬಾಗಿಲಿನ ಕಡೆ ಒಂದು ಶಬ್ದ, ಕಿಟಕಿಯ ಕಡೆ ಇನ್ನೊಂದು.

"ಇದೆಂತ, ಎರಡು ಬಣ್ಣ?"

ಸಾರಣೆಯವ ತನ್ನ ಸಾಮಾನು ಗೋಣಿಗೆ ತುಂಬುತ್ತ ಅಲ್ಲೇ ಇದ್ದ. ತಲೆಯೆತ್ತಲಿಲ್ಲ. ಬೆಳಕಿಗೆ ಹಾಗೆ ಕಾಣುತ್ತದೆ ಎನ್ನಬಹುದಿತ್ತು. ಆ ವಾಕ್ಯ ನನ್ನ ಬಾಯಲ್ಲಿ ತಯಾರಾಗಿತ್ತು ಎಂಬುದನ್ನೂ ಇಲ್ಲಿ ಬರೆಯಬೇಕು.

"ಆ ಅರ್ಧ ಗಟ್ಟಿ ಇಲ್ಲ. ಮೇಸ್ತ್ರಿಯ ತಪ್ಪಲ್ಲ, ನಾನು ಕೆಡಿಸಿದ್ದು. ಅಲ್ಲಿ ಯಾರನ್ನೂ ಮಲಗಿಸುವುದಿಲ್ಲ. ಚಾಪೆಗಳೆಲ್ಲ ಈ ಕಡೆ, ಪೆಟ್ಟಿಗೆಗಳು ಆ ಕಡೆ."

ಮೊಮ್ಮಗಳು ನನ್ನನ್ನು ನೋಡುತ್ತಿದ್ದಳು. ಅಜ್ಜ ಬಗ್ಗಿ, ಅವಳ ಪೆಟ್ಟಿಗೆಯನ್ನು ಎರಡೂ ಕೈಯಿಂದ ಬಾಗಿಲಿನ ಕಡೆಗೆ ಎಳೆದರು.

"ಇವಳದ್ದು ಅಲ್ಲಿ ಬೇಡ. ಇದರಲ್ಲಿ ಪುಸ್ತಕ ಉಂಟು."

ಅವಳು ಆ ವರ್ಷ ಪಾಸಾದಳು. ಕಿಟಕಿಯ ಕಡೆಯ ಸಾರಣೆ ಸಾರಣೆಯವ ಹೇಳಿದಂತೆ ಎರಡು ಮಳೆಗಾಲ ನಿಂತು, ಮೂರನೆಯದರಲ್ಲಿ ಖಾಲಿ ಪೆಟ್ಟಿಗೆಗಳ ಮೇಲೆ ಉದುರಿತು. ಅವನನ್ನು ಕರೆಯಲು ಇಚಿಲಂಪಾಡಿಗೆ ಹೋದರೆ, ಮಗಳ ಮನೆಗೆ ಹೋಗಿದ್ದಾನೆ, ಕೈ ನಡುಗುತ್ತದೆ, ಇನ್ನು ಕೆಲಸ ಮಾಡುವುದಿಲ್ಲ ಎಂದರು. ಬಾಗಿಲಿನ ಕಡೆಯ ಅರ್ಧ ಈಗಲೂ ಇದೆ.

ಒಂದು ವಿಷಯ ಮಾತ್ರ ಸರಿಹೊಂದುವುದಿಲ್ಲ. ಮಾವ ಹಿತ್ತಿಲಿಗೆ ಬಂದವರಲ್ಲ. ಸಾರಣೆಯವನನ್ನು ಅವರು ಕಂಡದ್ದೇ ಇಲ್ಲ. ಅಡುಗೆಯ ಅಕ್ಕ ದೇವರ ಮುಂದೆ ನಿಂತು, ತಾನು ಯಾರಲ್ಲೂ ಬಾಯಿಬಿಟ್ಟಿಲ್ಲ ಎಂದಳು. ಸಿಮೆಂಟಿನವನು ಹಿತ್ತಿಲ ಬೇಲಿಯಿಂದ ಇಣುಕಿದ್ದನೆ? ಹಾಗೆಂದು ವರ್ಷಗಟ್ಟಲೆ ನಂಬಿಕೊಂಡಿದ್ದೆ, ಅದೇ ನನಗೆ ಅನುಕೂಲವಾಗಿತ್ತು. ಆದರೆ ಮಾವ ಬಂದ ಶನಿವಾರದ ಹಿಂದಿನ ಬುಧವಾರದ ಪುಟದಲ್ಲಿ ಒಂದೇ ಸಾಲು ಇದೆ: "ಮಾವನಲ್ಲಿ ಊಟ. ಮಾವಿನಕಾಯಿ ಗೊಜ್ಜು ಚೆನ್ನಾಗಿತ್ತು." ಊಟಕ್ಕೆ ಕುಳಿತು ನಾವು ಏನು ಮಾತಾಡಿದೆವು ಎಂದು ನಾನು ಬರೆದಿಲ್ಲ. ಯಾವ ಮಾತನ್ನೂ ಬಿಡದೆ ಬರೆಯುವವಳು ಆ ದಿನ ಗೊಜ್ಜನ್ನಷ್ಟೇ ಬರೆದೆ.

ಕಳೆದ ತಿಂಗಳು ಮಾವನನ್ನು ನೋಡಲು ಹೋಗಿದ್ದೆ. ಕಣ್ಣು ಮಂದವಾಗಿದೆ, ನೆನಪು ಚುರುಕಾಗಿಯೇ ಇದೆ. ಯಾವ ವರ್ಷ ಯಾವ ತೋಟದಲ್ಲಿ ಎಷ್ಟು ಬಾವಿ ಬತ್ತಿತು ಎಂದು ಒಂದೂ ತಪ್ಪದೆ ಹೇಳಿದರು. ಅವರ ಎದುರಿನ ಮಣೆಯಲ್ಲಿ ಕುಳಿತು ಕೇಳಿದೆ.

"ಮಾವ, ಆಗ ಮಡಕೆ ಮೂರು ಉಂಟು ಅಂತ ನಿಮಗೆ ಹೇಳಿದ್ದು ಯಾರು? ನಾನಾ?"

ಮಾವ ಎಲೆಯ ಬೆನ್ನಿಗೆ ಸುಣ್ಣ ಸವರಿ, ಮಡಚಿ ಬಾಯಿಗಿಟ್ಟರು. ಬಾಯಲ್ಲಿ ಎಲೆ ಇರುವಾಗ ಅವರು ಮಾತಾಡುವುದಿಲ್ಲ. ಬಸ್ಸಿನ ಹೊತ್ತಾಗುವವರೆಗೂ ಅಲ್ಲೇ ಕುಳಿತಿದ್ದೆ.